ಆಲ್ಮಾ ಅವೆನ್ಯೂವಿನ ಹುಡುಗರು

ನಮ್ಮ ಮನೆಯಲ್ಲಿ ಸೋಮವಾರದ ಸಂಜೆಗೆ ಕಳೆಯಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಮಂಗಳವಾರದಿಂದ ಭಾನುವಾರದ ತನಕ ನನ್ನ ಹುಡುಗರು ನಾಲ್ಕು ಊರುಗಳಲ್ಲಿ ಆಡುತ್ತಿರುತ್ತಾರೆ. ಸೋಮವಾರ ಅವರಿಗೆ ರಜೆ. ಅಡುಗೆಮನೆಯ ಕಟ್ಟೆಯ ಮೇಲಿರುವ ಉದ್ದನೆಯ ಲೆಕ್ಕದ ಪುಸ್ತಕ ಆ ಒಂದು ದಿನ ಮುಚ್ಚಿಯೇ ಇರುತ್ತದೆ. ಉಳಿದ ಆರು ದಿನ, ನಾನು ಕೆಲಸದಿಂದ ಬಂದು ಕುಕ್ಕರ್ ಇಡುವಷ್ಟರಲ್ಲಿ ರಿಚ್ಮಂಡ್‌ನ ಪಂದ್ಯ ಕೊನೆಯ ಹಂತಕ್ಕೆ ಬಂದಿರುತ್ತದೆ. ಸಾರಿಗೆ ಒಗ್ಗರಣೆ ಹಾಕುವಾಗ ಯೂಜೀನ್ ಮತ್ತು ಸ್ಯಾನ್ ಹೋಸೆಯ ಪಂದ್ಯಗಳು ಶುರುವಾಗುತ್ತವೆ. ಒಂದು ಕಿವಿ ಒಲೆಯ ಕಡೆ, ಒಂದು ಕಿವಿ ಮೊಬೈಲಿನ ಕಡೆ.

ನನ್ನ ಹುಡುಗರು ಎಂದರೆ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ಕ್ಲಬ್ಬಿನ ಕೆಳಗಿನ ತಂಡಗಳಲ್ಲಿ ಪಳಗುತ್ತಿರುವವರು. ಇದು ನಮ್ಮ ರಣಜಿ ಕ್ರಿಕೆಟ್‌ನಂತಲ್ಲ. ಕರ್ನಾಟಕ ತಂಡ ರಣಜಿಯನ್ನು ಗೆಲ್ಲುವುದಕ್ಕೆಂದೇ ಆಡುತ್ತದೆ. ಇಲ್ಲಿನ ಕೆಳಗಿನ ತಂಡಗಳಿಗೆ ಗೆಲುವು ಎರಡನೆಯ ಮಾತು. ಯಾರು ಎಲ್ಲಿ ಆಡಬೇಕು, ಯಾವ ಪಿಚರ್ ಎಷ್ಟು ಚೆಂಡು ಎಸೆಯಬೇಕು ಎಂದು ತೀರ್ಮಾನಿಸುವವರು, ಸಂಬಳ ಕೊಡುವವರು ಸ್ಯಾನ್ ಫ್ರಾನ್ಸಿಸ್ಕೋದವರು. ಹುಡುಗ ಬಲಿಯುತ್ತಾ ಬಂದ ಹಾಗೆ ಒಂದೊಂದೇ ಮೆಟ್ಟಿಲು ಹತ್ತುತ್ತಾನೆ: ಮೊದಲು ಸ್ಯಾನ್ ಹೋಸೆ, ಆಮೇಲೆ ಓರೆಗನ್ ರಾಜ್ಯದ ಯೂಜೀನ್, ಅಲ್ಲಿಂದ ದೇಶದ ಆ ತುದಿಯಲ್ಲಿರುವ ವರ್ಜೀನಿಯಾದ ರಿಚ್ಮಂಡ್, ಮತ್ತೆ ಈ ಕಡೆಗೆ ಬಂದು ಸ್ಯಾಕ್ರಮೆಂಟೋ. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋ. ನಮ್ಮ ಊರು ಸ್ಯಾನ್ ಹೋಸೆಯಿಂದ ಅಲ್ಲಿನ ದೊಡ್ಡ ಮೈದಾನಕ್ಕೆ ಕಾರಿನಲ್ಲಿ ಒಂದು ಗಂಟೆಯ ದಾರಿ, ಹೆಚ್ಚೆಂದರೆ 80 ಕಿಲೋಮೀಟರ್. ಅದನ್ನು ದಾಟಲು ಹುಡುಗರು ಇಡೀ ಅಮೆರಿಕವನ್ನು ಎರಡು ಸಲ ಅಡ್ಡ ಹಾಯಬೇಕು. ಹೆಚ್ಚಿನವರು ದಾಟುವುದೇ ಇಲ್ಲ.

ನನಗೆ ಈ ಗೀಳು ಹಿಡಿದದ್ದು 2009ರಲ್ಲಿ. ಉತ್ತರ ಪ್ರದೇಶದ ಇಬ್ಬರು ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಭರ್ಜಿ ಎಸೆಯುತ್ತಿದ್ದವರು, ಟಿವಿ ಸ್ಪರ್ಧೆಯೊಂದರಲ್ಲಿ ಗೆದ್ದು ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ಲಬ್ಬಿಗೆ ಸೇರಿದ್ದರು. ಬೇಸ್‌ಬಾಲ್ ಚೆಂಡನ್ನು ಕೈಯಲ್ಲಿ ಹಿಡಿದೇ ಹೆಚ್ಚು ದಿನವಾಗಿರಲಿಲ್ಲ. ಆ ಬೇಸಿಗೆಯಲ್ಲಿ ರಿಂಕು ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಪಿಚರ್ ಎನಿಸಿಕೊಂಡ. ಕೆಳಗಿನ ತಂಡಗಳ ಈ ಲೀಗುಗಳಿಗೆ ಹೇಳುವ ಮೈನರ್ ಲೀಗ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಆ ಸುದ್ದಿಯಲ್ಲಿ. ಶಾಲೆಯ ಕಚೇರಿಯಲ್ಲಿ ನನ್ನ ಜೊತೆ ಲೆಕ್ಕ ಬರೆಯುತ್ತಿದ್ದ ಸಹೋದ್ಯೋಗಿಗೆ ಅದನ್ನು ಹೇಳಿದಾಗ, “ಅಂಥ ಹುಡುಗರನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ, ಆಲ್ಮಾ ಅವೆನ್ಯೂವಿಗೆ ಬನ್ನಿ” ಎಂದು ಕರೆದುಕೊಂಡು ಹೋದರು.

ಅದು ಸ್ಯಾನ್ ಹೋಸೆ ತಂಡದ ಮೈದಾನ, 1942ರಲ್ಲಿ ಕಟ್ಟಿದ ಹಳೆಯ ಕಾಂಕ್ರೀಟಿನದು. ಕುಳಿತರೆ, ಬ್ಯಾಟರ್‌ನ ಹಿಂದೆ ಚೆಂಡು ಹಿಡಿಯುವ ಕ್ಯಾಚರನ ಕೈಗವಸಿಗೆ ಚೆಂಡು ಬಡಿಯುವ ಸದ್ದು ಎದೆಗೆ ತಾಗುವಷ್ಟು ಹತ್ತಿರ. ಆ ಸಂಜೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ ಕ್ಯಾಚರ್, ಎಳೆಯ ಮುಖದ ಒಬ್ಬ ಹುಡುಗ, ಪಿಚರ್ ತಪ್ಪಿದಾಗಲೆಲ್ಲ ಎದ್ದು ಅವನ ಬಳಿ ಹೋಗಿ ಎರಡು ಮಾತು ಆಡಿ ಬರುತ್ತಿದ್ದ. ಆ ನಡಿಗೆಯಲ್ಲಿ ಅವಸರವಿರಲಿಲ್ಲ. ಮುಂದಿನ ವರ್ಷ, 2010ರ ನವೆಂಬರ್‌ನಲ್ಲಿ, ಜೈಂಟ್ಸ್ ಕ್ಲಬ್ಬು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಮೊದಲ ಬಾರಿಗೆ ವರ್ಲ್ಡ್ ಸೀರೀಸ್, ಎಂದರೆ ಮೇಜರ್ ಲೀಗಿನ ವರ್ಷದ ಪ್ರಶಸ್ತಿ, ಗೆದ್ದಾಗ ಟಿವಿಯಲ್ಲಿ ಅದೇ ನಡಿಗೆ ಕಂಡಿತು. ಬಸ್ಟರ್ ಪೋಸಿ. ನಾನು ಕೂಗಿಕೊಂಡದ್ದಕ್ಕೆ ಮಲಗಿದ್ದ ಮಗಳು ಎದ್ದು ಅತ್ತಳು. ಅಂದಿನಿಂದ ಪುಸ್ತಕ ಇಡಲು ಶುರುಮಾಡಿದೆ.

ಪುಸ್ತಕ ಇಡುವುದು ನನಗೆ ಅಪ್ಪಯ್ಯನಿಂದ ಬಂದದ್ದು. ತೀರ್ಥಹಳ್ಳಿಯ ಕಡೆ ನಮ್ಮದು ಸಣ್ಣ ತೋಟ. ಅದರ ಜೊತೆಗೆ ಅಪ್ಪಯ್ಯ ಅಡಿಕೆ ಸಸಿ ಬೆಳೆಸಿ ಮಾರುತ್ತಿದ್ದರು. ಬೀಜದ ಗೋಟು ಆರಿಸಿ, ಮರಳಿನ ಮಡಿಯಲ್ಲಿ ಮೊಳಕೆ ಬರಿಸಿ, ಚೀಲಕ್ಕೆ ದಾಟಿಸಿ, ಒಂದು ಒಂದೂವರೆ ವರ್ಷ ಸಾಕುತ್ತಿದ್ದರು. ಕೊಳ್ಳಲು ಬಂದವರು ನೇರವಾಗಿ ಎತ್ತರದ ಸಸಿಗೆ ಕೈ ಹಾಕುತ್ತಿದ್ದರು. ಅಪ್ಪಯ್ಯ ಬಗ್ಗಿ, ಮಣ್ಣಿಗೆ ತಾಗುವಲ್ಲಿ ಹೆಬ್ಬೆರಳು ತೋರುಬೆರಳಿನಿಂದ ಹಿಡಿದು ದಪ್ಪ ನೋಡಿ, ಗಿಡ್ಡನೆಯದೊಂದನ್ನು ಎತ್ತಿಕೊಡುತ್ತಿದ್ದರು. “ಎತ್ತರ ನೋಡಬೇಡಿ, ಬುಡ ನೋಡಿ. ನೆರಳಿನಲ್ಲಿ ಯಾವುದಾದರೂ ಉದ್ದ ಬೆಳೆಯುತ್ತದೆ.” ಯಾವ ಸಸಿ ಯಾರ ತೋಟಕ್ಕೆ ಹೋಯಿತು ಎಂದು ಬರೆದಿಡುತ್ತಿದ್ದರು. ವರ್ಷಗಳಾದ ಮೇಲೂ ಸಂತೆಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಸಸಿಗಳ ಕ್ಷೇಮ ವಿಚಾರಿಸುತ್ತಿದ್ದರು.

ಕೆಳಗಿನ ಲೀಗಿನಲ್ಲಿ ಎತ್ತರ ಎಂದರೆ ಚೆಂಡನ್ನು ಬೇಲಿಯಾಚೆ ಬಾರಿಸುವ ಹೋಮ್ ರನ್, ಬ್ಯಾಟಿಂಗ್ ಸರಾಸರಿ, ಪಿಚರ್ ಎಸೆಯುವ ಚೆಂಡಿನ ವೇಗ. ಸ್ಯಾನ್ ಹೋಸೆ ಆಡುವ ಕ್ಯಾಲಿಫೋರ್ನಿಯಾ ಲೀಗಿನ ಬಿಸಿಲೂರುಗಳಲ್ಲಿ ಚೆಂಡು ಹಾರುತ್ತದೆ. ಎದುರಿನ ಪಿಚರ್‌ಗಳಿಗೂ ಹತ್ತೊಂಬತ್ತು ಇಪ್ಪತ್ತು ವರ್ಷ, ಅವರಿಗೇ ಚೆಂಡು ಎಲ್ಲಿ ಹೋಗುತ್ತದೆಂದು ಗೊತ್ತಿರುವುದಿಲ್ಲ. ಹಾಗಾಗಿ ನಾನು ಮೊದಲು ನೋಡುವುದು ವಾಕ್ ಮತ್ತು ಸ್ಟ್ರೈಕ್‌ಔಟ್. ಪಿಚರ್ ನಾಲ್ಕು ಚೆಂಡುಗಳನ್ನು ಗುರಿಯಿಂದಾಚೆ ಎಸೆದು, ಬ್ಯಾಟರ್ ಅವುಗಳಿಗೆ ಬ್ಯಾಟ್ ಬೀಸದೆ ಸುಮ್ಮನೆ ಬಿಟ್ಟರೆ ಅವನಿಗೆ ಓಟದ ಮೊದಲ ನಿಲುಗಡೆಯಾದ ಮೊದಲ ಬೇಸ್ ಪುಕ್ಕಟೆ, ಅದು ವಾಕ್. ಬೀಸಿ ತಪ್ಪಿದರೆ, ಇಲ್ಲವೇ ಗುರಿಯಲ್ಲಿ ಬಂದದ್ದನ್ನು ಬಿಟ್ಟರೆ ಒಂದು ಸ್ಟ್ರೈಕ್; ಮೂರಾದರೆ ಔಟ್, ಅದು ಸ್ಟ್ರೈಕ್‌ಔಟ್. ಬಿಡಬೇಕಾದ ಚೆಂಡನ್ನು ಬಿಡುವ ಬ್ಯಾಟರ್, ಗುರಿಯಲ್ಲಿ ಎಸೆಯಬಲ್ಲ ಪಿಚರ್, ಇವರು ಮೇಲಿನ ಮೆಟ್ಟಿಲಿನಲ್ಲೂ ನಿಲ್ಲುತ್ತಾರೆ. ಅದರ ಪಕ್ಕದಲ್ಲಿ ಹುಡುಗನ ವಯಸ್ಸು ಬರೆಯುತ್ತೇನೆ. ಇಪ್ಪತ್ತಮೂರರ ಹುಡುಗ ಸ್ಯಾನ್ ಹೋಸೆಯಲ್ಲಿ ಬಾರಿಸುವುದಕ್ಕೂ ಹತ್ತೊಂಬತ್ತರವನು ಬಾರಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ನಾನು ಕಂಡ ಅತ್ಯಂತ ಒಳ್ಳೆಯ ಮಡಿ 2021ರದ್ದು. ಆ ವರ್ಷ ಮೈನರ್ ಲೀಗಿನ ಸ್ವರೂಪವನ್ನೇ ಬದಲಾಯಿಸಿದ್ದರು: ದೇಶದಲ್ಲಿ 160 ಇದ್ದ ತಂಡಗಳನ್ನು 120ಕ್ಕೆ ಇಳಿಸಿ, ಸ್ಯಾನ್ ಹೋಸೆಯನ್ನು ಒಂದು ಮೆಟ್ಟಿಲು ಕೆಳಗಿಟ್ಟರು. ನಲವತ್ತು ಊರುಗಳ ಜನ ತಮ್ಮ ಸಂಜೆಗಳನ್ನು ಕಳೆದುಕೊಂಡರು, ಅದು ನನಗೆ ಇಂದಿಗೂ ಸರಿ ಎನಿಸುವುದಿಲ್ಲ. ನಮಗೆ ಮಾತ್ರ ಇನ್ನೂ ಎಳೆಯ ಹುಡುಗರು ಬಂದರು. ಡೊಮಿನಿಕನ್ ಗಣರಾಜ್ಯದ ಮಾರ್ಕೊ ಲೂಸಿಯಾನೊ, 26 ಲಕ್ಷ ಡಾಲರ್ ಕೊಟ್ಟು ಕರೆತಂದ ಹುಡುಗ. ಎಲ್ಲರೂ ಅವನನ್ನು ನೋಡಲೆಂದೇ ಬರುತ್ತಿದ್ದರು. ವೆನೆಜುವೆಲಾದ ಲೂಯಿಸ್ ಮಾಟೋಸ್, ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡವನು. ಮತ್ತು ಕೈಲ್ ಹ್ಯಾರಿಸನ್.

ಹ್ಯಾರಿಸನ್‌ಗೆ ಆಗ ಹತ್ತೊಂಬತ್ತು. ಸ್ಯಾನ್ ಹೋಸೆಯಲ್ಲೇ ಹುಟ್ಟಿದವನು, ಅವನ ಅಜ್ಜ ಸ್ಕಿಪ್ ಗಿನ್ ಕೂಡ ಮೇಜರ್ ಲೀಗಿನಲ್ಲಿ ಎಸೆದವರು. ಎಡಗೈ. ತೋಳನ್ನು ಪೂರ್ತಿ ಮೇಲೆತ್ತದೆ ಪಕ್ಕದಿಂದ ಬೀಸುತ್ತಿದ್ದ. ಚೆಂಡು ಕೆಳಗಿನಿಂದ ಹೊರಟು ಬ್ಯಾಟಿನ ಮೇಲೆ ಹಾದುಹೋಗುತ್ತಿತ್ತು. ಬ್ಯಾಟರ್‌ಗಳು ಬೀಸಿ, ಬ್ಯಾಟನ್ನೊಮ್ಮೆ ನೋಡಿಕೊಂಡು ಹಿಂತಿರುಗುತ್ತಿದ್ದರು. ಇಲ್ಲಿ ಮೂವರು ಔಟಾದರೆ ಪಿಚರ್‌ನ ಲೆಕ್ಕಕ್ಕೆ ಒಂದು ಇನ್ನಿಂಗ್ಸ್. ಆ ವರ್ಷ 98 ಇನ್ನಿಂಗ್ಸ್ ಚಿಲ್ಲರೆಯಲ್ಲಿ 157 ಸ್ಟ್ರೈಕ್‌ಔಟ್. ಅಷ್ಟೇ ನೋಡಿದರೆ ಆಕಾಶಕ್ಕೆ ಏಣಿ ಹಾಕಬಹುದಿತ್ತು. ಆದರೆ ವಾಕ್ 52. ಅದರ ಕೆಳಗೆ ನಾನು ಕೆಂಪು ಗೆರೆ ಎಳೆದಿದ್ದೇನೆ, ಈಗಲೂ ಪುಸ್ತಕದಲ್ಲಿದೆ. ಮುಂದಿನ ವರ್ಷ ಯೂಜೀನ್ ಮತ್ತು ರಿಚ್ಮಂಡ್‌ನಲ್ಲಿ 113 ಇನ್ನಿಂಗ್ಸ್‌ಗೆ 186 ಸ್ಟ್ರೈಕ್‌ಔಟ್ ಬಂದಾಗಲೂ ನನ್ನ ಕಣ್ಣು ಹೋಗುತ್ತಿದ್ದುದು ಪಕ್ಕದ ಕಾಲಂ ಕಡೆಗೆ.

ಆ ಬೇಸಿಗೆಯ ತಂಡ ಲೀಗಿನ ಪ್ರಶಸ್ತಿಯನ್ನೂ ಗೆದ್ದಿತು. ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆಂದು ಪಿಚರ್‌ಗೆ ಗಡಿಯಾರ ಇಡುವ ಪ್ರಯೋಗವನ್ನು ಮೊದಲು ಗಟ್ಟಿಯಾಗಿ ಮಾಡಿ ನೋಡಿದ್ದೂ ನಮ್ಮ ಈ ಲೀಗಿನಲ್ಲಿ, ಅದೇ ವರ್ಷ. 2023ರಲ್ಲಿ ಅದು ಮೇಜರ್ ಲೀಗಿಗೆ ಬಂದಾಗ ಎಲ್ಲರೂ ಹೊಸದೆಂಬಂತೆ ಚರ್ಚಿಸುತ್ತಿದ್ದರು.

2023ರಲ್ಲಿ ಮೂವರೂ ಮೇಲೆ ಹೋದರು. ಮಾಟೋಸ್ ಜೂನ್‌ನಲ್ಲಿ, ಲೂಸಿಯಾನೊ ಜುಲೈನಲ್ಲಿ, ಹ್ಯಾರಿಸನ್ ಆಗಸ್ಟ್‌ನಲ್ಲಿ. ಆಗಸ್ಟ್ 28ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನ ಮೊದಲ ಪಂದ್ಯದಲ್ಲೇ ಹ್ಯಾರಿಸನ್ ಸಿನ್ಸಿನಾಟಿಯ ಹನ್ನೊಂದು ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಆ ರಾತ್ರಿ ಪುಸ್ತಕದಲ್ಲಿ ಅಂಕಿ ಬರೆಯಲಿಲ್ಲ, ಅವನ ಹೆಸರನ್ನಷ್ಟೇ ದುಂಡಗೆ ಬರೆದೆ. ಲೂಸಿಯಾನೊ 2025ರಲ್ಲೂ ಸ್ಯಾಕ್ರಮೆಂಟೋದಲ್ಲೇ ಇದ್ದ. ಎತ್ತರದ ಸಸಿ ಎಂದು ಎಲ್ಲರೂ ಕೈ ಹಾಕಿದ್ದು ಅವನಿಗೇ. ಆಗಲೂ ಅವನಿಗೆ ಇಪ್ಪತ್ತನಾಲ್ಕೇ, ನಾನು ಕೈಬಿಟ್ಟಿಲ್ಲ.

ಕೈಬಿಡದಿರುವುದನ್ನು ಕಲಿಸಿದವನು ಹೀಲಿಯಟ್ ರಾಮೋಸ್. “ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆ ಅವನ ವಿಷಯದಲ್ಲಿ ಎರಡು ಸಲ ಉಲ್ಟಾ ಆಯಿತು. ಪೋರ್ಟೊ ರಿಕೊದ ಹುಡುಗ, ಕ್ಲಬ್ಬುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2017ರಲ್ಲಿ, ಹತ್ತೊಂಬತ್ತನೆಯವನಾಗಿ ಆಯ್ಕೆಯಾದವನು. 2019ರಲ್ಲಿ ನಮ್ಮ ಆಲ್ಮಾ ಅವೆನ್ಯೂವಿನಲ್ಲಿ ಅವನು ಬಾರಿಸಿದ ಚೆಂಡಿನ ಸದ್ದೇ ಬೇರೆ. ಒಣ ಸೌದೆ ಸೀಳಿದ ಹಾಗೆ. ಆಮೇಲೆ ಸ್ಯಾಕ್ರಮೆಂಟೋದಲ್ಲಿ ಮಂಕಾದ. 2022ರಲ್ಲಿ ಮೇಲೆ ಹೋಗಿ ಬಂದ, 2023ರಲ್ಲೂ ಹೋಗಿ ಬಂದ. ಭರವಸೆಯ ಹುಡುಗರ ಪಟ್ಟಿಗಳಿಂದ ಹೆಸರೇ ಬಿದ್ದುಹೋಯಿತು. ನನ್ನ ಪುಸ್ತಕದಲ್ಲಿ ಅವನ ಪುಟದ ಅರ್ಧ ಖಾಲಿಯಿದೆ, ಏಕೆಂದರೆ ಒಂದು ವರ್ಷ ನಾನೂ ಬರೆಯುವುದನ್ನು ನಿಲ್ಲಿಸಿದ್ದೆ. 2024ರ ಮೇ ತಿಂಗಳಿನಲ್ಲಿ ಯಾರೋ ಗಾಯಗೊಂಡರೆಂದು ಕರೆಸಿಕೊಂಡರು. ಜುಲೈನಲ್ಲಿ ಅವನು ಮೇಜರ್ ಲೀಗಿನ ಶ್ರೇಷ್ಠರನ್ನು ಆರಿಸಿ ಕಟ್ಟುವ ಆಲ್‌ಸ್ಟಾರ್ ತಂಡದಲ್ಲಿದ್ದ. ಸೆಪ್ಟೆಂಬರ್ 15ರಂದು ಬಲಗೈ ಬ್ಯಾಟರ್ ಒಬ್ಬ ಸ್ಯಾನ್ ಫ್ರಾನ್ಸಿಸ್ಕೋದ ಮೈದಾನದಿಂದ ಹೋಮ್ ರನ್ ಹೊಡೆದು ಚೆಂಡನ್ನು ನೇರ ಪಕ್ಕದ ಕೊಲ್ಲಿಯ ನೀರಿಗೆ ಬೀಳಿಸಿದ ಮೊದಲ ದಿನ, ಹೊಡೆದವನು ರಾಮೋಸ್. ಆಯ್ಕೆಯಾದಂದಿನಿಂದ ಏಳು ವರ್ಷ. ನೆಟ್ಟ ಅಡಿಕೆ ಸಸಿ ಫಸಲಿಗೆ ಬರಲೂ ನಮ್ಮ ಕಡೆ ಆರೇಳು ವರ್ಷವೇ ಬೇಕು.

ಆ 2024ರ ವಸಂತದಲ್ಲಿ ಅಮ್ಮ ನಮ್ಮಲ್ಲಿಗೆ ಬಂದಿದ್ದಳು. ಎಪ್ಪತ್ತನಾಲ್ಕು ವರ್ಷ, ಅಪ್ಪಯ್ಯ ಹೋದ ಮೇಲೆ ಮೊದಲ ಸಲದ ಪ್ರಯಾಣ. ಸಂಜೆಯ ಗಾಳಿಗೆ ಶಾಲು ಸುತ್ತಿಕೊಂಡು ನನ್ನ ಪಕ್ಕ ಕುಳಿತಳು. ಆಟ ತಿಳಿಯದಿದ್ದರೂ ಹುಡುಗರನ್ನು ನೋಡಿದಳು. “ಆ ಕುಕ್ಕರುಗಾಲಿನಲ್ಲಿ ಕುಳಿತವನಿಗೆ ಮಂಡಿ ನೋಯುವುದಿಲ್ಲವೇನೇ? ಇವರಿಗೆಲ್ಲ ಊಟ ಯಾರು ಹಾಕುತ್ತಾರೆ?”

ಆ ಪ್ರಶ್ನೆಯನ್ನು ನಾನು ಹದಿನೈದು ವರ್ಷದಲ್ಲಿ ಒಮ್ಮೆಯಾದರೂ ಇಷ್ಟು ನೇರವಾಗಿ ಕೇಳಿಕೊಂಡಿರಲಿಲ್ಲ. ಉತ್ತರ ಗೊತ್ತಿತ್ತು. 2022ರ ತನಕ ಈ ಹುಡುಗರಿಗೆ ಕ್ಲಬ್ಬುಗಳು ವಸತಿ ಕೊಡಬೇಕೆಂಬ ನಿಯಮವಿರಲಿಲ್ಲ. ಊರಿನ ಯಾರಾದರೂ ಪುಣ್ಯಾತ್ಮರು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಬೀದಿಯ ಕೊನೆಯ ಮನೆಯ ಹಿರಿಯರೊಬ್ಬರು ಹಲವು ಬೇಸಿಗೆ ಇಬ್ಬಿಬ್ಬರನ್ನು ಸಾಕಿದ್ದಾರೆ. ಒಬ್ಬ ದಿನಕ್ಕೆ ಒಂದು ಡಜನ್ ಮೊಟ್ಟೆ ತಿನ್ನುತ್ತಿದ್ದನಂತೆ. ಸ್ಯಾನ್ ಹೋಸೆಯ ಮಟ್ಟದ ಆಟಗಾರನಿಗೆ ವರ್ಷಕ್ಕೆ ಸಿಗುತ್ತಿದ್ದುದು 11,000 ಡಾಲರ್ ಆಸುಪಾಸು. ಈ ಊರಿನ ಬಾಡಿಗೆ ಬಲ್ಲವರಿಗೆ ಆ ಅಂಕಿ ಏನೆಂದು ಹೇಳಬೇಕಿಲ್ಲ. ಆಟಗಾರರು ಕೋರ್ಟಿಗೆ ಹೋದರು, 2022ರಲ್ಲಿ 18.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದೇ ವರ್ಷ ಒಕ್ಕೂಟ ಸೇರಿದರು. 2023ರ ಒಪ್ಪಂದದಲ್ಲಿ ಸಂಬಳ 26,200 ಡಾಲರ್‌ಗೆ ಏರಿತು. ಒಂದು ಚೆಂಡಿಗೆ ತೋಳು ಹರಿದುಕೊಳ್ಳುವ ಕೆಲಸಕ್ಕೆ ಇದು ಈಗಲೂ ಕಡಿಮೆ ಎಂದೇ ನನ್ನ ಭಾವನೆ.

ಅಮ್ಮನಿಗೆ ಇಷ್ಟು ವಿವರ ಹೇಳುವುದರೊಳಗೆ ಅವಳು ಎದ್ದು ಕಟಕಟೆಯ ಬಳಿ ಹೋಗಿದ್ದಳು. ಪಂದ್ಯಕ್ಕೆ ಮೊದಲು ಹುಡುಗರು ಅಲ್ಲಿ ನಿಂತು ಮಕ್ಕಳಿಗೆ ಸಹಿ ಹಾಕಿಕೊಡುತ್ತಾರೆ. ಡೊಮಿನಿಕನ್ ಹುಡುಗನೊಬ್ಬ, ಪಿಚರ್, ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಅವನ ಹೆಸರು ಬರೆಯುವುದಿಲ್ಲ. ಅಮ್ಮನಿಗೂ ಇಂಗ್ಲಿಷ್ ಬರುವುದಿಲ್ಲ. ಅವನ ತೋಳು ಮುಟ್ಟಿ, “ಊಟ ಆಯಿತೇನಪ್ಪಾ?” ಎಂದಳು. ಅವನು ಒಂದು ಕ್ಷಣ ಅವಳ ಮುಖ ನೋಡಿದ. ಟೋಪಿ ತೆಗೆದ. ತಲೆ ಹೌದೆಂಬಂತೆ ಆಡಿಸಿ, ಕೈಯಲ್ಲಿದ್ದ ಚೆಂಡಿಗೆ ಸಹಿ ಹಾಕಿ, ಅವಳ ಎರಡೂ ಅಂಗೈ ಕೂಡಿಸಿ ಅದರಲ್ಲಿಟ್ಟ. ಆ ಚೆಂಡು ಈಗ ತೀರ್ಥಹಳ್ಳಿಯ ಮನೆಯ ದೇವರ ಗೂಡಿನ ಕೆಳಗಿನ ಕಪಾಟಿನಲ್ಲಿದೆ.

ಅದೇ ಸಂಜೆ ಅಮ್ಮ ಇನ್ನೊಬ್ಬನನ್ನೂ ಗುರುತಿಟ್ಟುಕೊಂಡಳು. ಆರು ಅಡಿ ಏಳು ಅಂಗುಲದವನನ್ನು ಗುರುತಿಸುವುದು ಕಷ್ಟವಲ್ಲ. ಬ್ರೈಸ್ ಎಲ್ಡ್ರಿಜ್, 2023ರ ಡ್ರಾಫ್ಟ್‌ನ ಹದಿನಾರನೆಯವನು, ವರ್ಜೀನಿಯಾದ ಹೈಸ್ಕೂಲಿನಿಂದ ನೇರ ಬಂದವನು. ಶಾಲೆಯಲ್ಲಿ ಪಿಚರ್ ಕೂಡ ಆಗಿದ್ದ. ಈಗ ಬ್ಯಾಟ್ ಮತ್ತು ಮೊದಲ ಬೇಸ್ ಮಾತ್ರ. ಎಡಗೈ ಬ್ಯಾಟರ್. ಅಷ್ಟುದ್ದದ ತೋಳಿದ್ದವನಿಗೆ ಬ್ಯಾಟು ಸುತ್ತಿ ಬರಲು ಹೊತ್ತು ಹಿಡಿಯುತ್ತದೆ, ಪಿಚರ್‌ಗಳು ಅವನ ಕಾಲಬುಡಕ್ಕೆ ಜಾರುವ ಚೆಂಡು ಎಸೆದು ಕಾಡುತ್ತಾರೆ. ಮೊದಲ ಸಲ ಬ್ಯಾಟಿಗೆ ಬಂದಾಗ ಅಂಥ ಚೆಂಡಿಗೇ ಬೀಸಿ ಔಟಾದ. ಎರಡನೆಯ ಸಲ ಎರಡು ಸ್ಟ್ರೈಕ್ ಆದ ಮೇಲೆ ಅದೇ ಚೆಂಡು ಬಂತು. ಅವನ ಮಣಿಕಟ್ಟು ಮುಂದಕ್ಕೆ ಅಲುಗಿತು, ನಿಂತಿತು. ಚೆಂಡು ಮಣ್ಣಿಗೆ ಬಿತ್ತು. ಇನ್ನೊಂದು ಬಂತು, ಅದನ್ನೂ ಬಿಟ್ಟ. ಕೊನೆಗೆ ಬ್ಯಾಟು ಕೆಳಗಿಟ್ಟು ಮೊದಲ ಬೇಸಿಗೆ ನಡೆದುಹೋದ. ಚಪ್ಪಾಳೆ ಹೊಡೆದವರು ಕೆಲವೇ ಜನ. ನಾನು ಪುಸ್ತಕ ತೆಗೆದು, ದಿನಾಂಕ ಬರೆದು, “ಬುಡ ದಪ್ಪವಿದೆ” ಎಂದು ಬರೆದೆ.

ಜೂನ್‌ನಲ್ಲಿ ಅವನನ್ನು ಯೂಜೀನ್‌ಗೆ ಕರೆದುಕೊಂಡರು. ಆಲ್ಮಾ ಅವೆನ್ಯೂವಿನ ನ್ಯಾಯವೇ ಅದು: ಚೆನ್ನಾಗಿ ಆಡಿದವನು ಬೇಸಿಗೆ ಮುಗಿಯುವ ಮೊದಲೇ ಊರು ಬಿಡುತ್ತಾನೆ, ಉಳಿದವರಿಗೆ ನಾವು ಬೇಸಿಗೆಯುದ್ದಕ್ಕೂ ಚಪ್ಪಾಳೆ ತಟ್ಟುತ್ತೇವೆ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಎಲ್ಡ್ರಿಜ್ ರಿಚ್ಮಂಡ್ ದಾಟಿ ಸ್ಯಾಕ್ರಮೆಂಟೋ ತಲುಪಿದ್ದ. ಒಂದೇ ವರ್ಷ ನಾಲ್ಕು ಊರು, 23 ಹೋಮ್ ರನ್. ನನ್ನ ಪುಸ್ತಕದಲ್ಲಿ ಅವನಿಗೆ ನಾಲ್ಕು ಕಡೆ ಪುಟವಿದೆ.

2025ರ ಜೂನ್ 15, ಭಾನುವಾರ. ಆ ಸಂಜೆ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿಸನ್ ಎಸೆಯಬೇಕಿತ್ತು; ಅಡುಗೆ ಬೇಗ ಮುಗಿಸಿ ಕುಳಿತಿದ್ದೆ. ಪಂದ್ಯಕ್ಕೆ ಸ್ವಲ್ಪ ಮೊದಲು ಸುದ್ದಿ ಬಂತು. ರಾಫೆಲ್ ಡೆವರ್ಸ್‌ನನ್ನು ತರಲು ಬಾಸ್ಟನ್‌ಗೆ ಕೊಟ್ಟ ನಾಲ್ವರಲ್ಲಿ ಹ್ಯಾರಿಸನ್ ಒಬ್ಬ. ಕೊಟ್ಟವನು ಬಸ್ಟರ್ ಪೋಸಿ. ಈಗ ಕ್ಲಬ್ಬಿನ ಆಟದ ವಿಭಾಗಕ್ಕೆಲ್ಲ ಅವನೇ ಮುಖ್ಯಸ್ಥ. ನಾನು ಮೊದಲು ಕಂಡ ಹುಡುಗ ನನಗೆ ಪ್ರಿಯನಾದ ಹುಡುಗನನ್ನು ಕೊಟ್ಟುಬಿಟ್ಟಿದ್ದ. ವ್ಯಾಪಾರ ಸರಿಯಿದೆ, ಡೆವರ್ಸ್‌ನಂಥ ಬ್ಯಾಟರ್ ಸುಮ್ಮನೆ ಸಿಗುವುದಿಲ್ಲ, ಇದನ್ನೆಲ್ಲ ನಾನು ಒಪ್ಪುತ್ತೇನೆ. ಆ ರಾತ್ರಿ ಮಾತ್ರ ಊಟ ಸೇರಲಿಲ್ಲ. ಮರುದಿನ ಪುಸ್ತಕದ ಕೊನೆಯಲ್ಲಿ ಹೊಸ ಪುಟ ತೆಗೆದು, ಮೇಲೆ “ಬೇರೆಯವರ ತೋಟದಲ್ಲಿ” ಎಂದು ಬರೆದು, ಕೆಳಗೆ ಹ್ಯಾರಿಸನ್ ಹೆಸರು ಬರೆದೆ. ಬಾಸ್ಟನ್ ಅವನನ್ನು ಮೊದಲು ತನ್ನ ಕೆಳಗಿನ ವುಸ್ಟರ್ ತಂಡಕ್ಕೆ ಕಳಿಸಿತು. ಅಲ್ಲಿನ ಅಂಕಿಗಳನ್ನೂ ನೋಡತೊಡಗಿದೆ, ಮೊದಲು ವಾಕ್.

ಅಂಥ ಪುಟವಿಲ್ಲದವರೂ ಇದ್ದಾರೆ. ಪ್ರತಿ ಮಾರ್ಚ್‌ನಲ್ಲಿ, ವಸಂತದ ತರಬೇತಿ ಮುಗಿಯುವ ಹೊತ್ತಿಗೆ, ಬಿಡುಗಡೆಯಾದವರ ಹೆಸರುಗಳು ಬರುತ್ತವೆ. ಸದ್ದಿಲ್ಲದೆ ಒಂದು ಸಾಲು, ಹೆಸರು ಮತ್ತು ದಿನಾಂಕ. 2025ರ ಮಾರ್ಚ್‌ನ ಸಾಲುಗಳಲ್ಲಿ ಅಮ್ಮನ ಪಿಚರ್‌ನ ಹೆಸರಿತ್ತು. ಅವನ ವಾಕ್‌ಗಳು ಬಹಳ ಇದ್ದವು. ನಾನು ಎದುರು ನೋಡುತ್ತಲೇ ಇದ್ದೆ. ಅಮ್ಮನಿಗೆ ಹೇಳಲಿಲ್ಲ.

2025ರ ಸೆಪ್ಟೆಂಬರ್ 15, ಸೋಮವಾರ. ಪುಸ್ತಕ ಮುಚ್ಚಿಡುವ ದಿನ. ಎಲ್ಡ್ರಿಜ್‌ನನ್ನು ಮೇಲಕ್ಕೆ ಕರೆಸಿದ್ದಾರೆ, ಅರಿಜೋನಾದ ಎದುರು ಆಡುತ್ತಾನೆ ಎಂದು ಸುದ್ದಿ. ಆಗಿನ್ನೂ ಇಪ್ಪತ್ತು ವರ್ಷ ಅವನಿಗೆ. ಟಿವಿಯಲ್ಲಿ ಅವನು ಬ್ಯಾಟಿಗೆ ನಡೆದು ಬಂದಾಗ ಮೊದಲು ನೋಡಿದ್ದು ಮಣಿಕಟ್ಟನ್ನು. ಪಂದ್ಯ ಮುಗಿದಾಗ ಊರಿನಲ್ಲಿ ಬೆಳಗಾಗಿತ್ತು, ಅಮ್ಮನಿಗೆ ಫೋನ್ ಮಾಡಿದೆ.

“ಆ ಉದ್ದನೆಯ ಹುಡುಗ ಸ್ಯಾನ್ ಫ್ರಾನ್ಸಿಸ್ಕೋ ತಂಡ ಸೇರಿದನಮ್ಮ.”

“ಹೌದೇನೇ? ಒಳ್ಳೆಯದಾಯಿತು.” ಆ ಕಡೆ ಪಾತ್ರೆಯ ಸದ್ದು ನಿಂತಿತು. “ನನ್ನ ಹುಡುಗ? ಅವನೂ ಸೇರಿದನೇ?”

“ಇಲ್ಲಮ್ಮ. ಅವನು ಊರಿಗೆ ಹೋದ.”

ಅಮ್ಮ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದಳು, “ಅವನ ಊರಿನಲ್ಲಿ ಜಮೀನು ಗಿಮೀನು ಇದೆಯೇನೇ?”